ಓದುಗರ ಪ್ರಶ್ನೆ: ವಿಶ್ವದ ಹುಟ್ಟನ್ನು ತರಗತಿಯಲ್ಲಿ ಕಲಿಸುವುದು ಹೇಗೆ?

ಪ್ರಶ್ನೆ: ಒಂಬತ್ತನೇ ತರಗತಿಗೆ ವಿಶ್ವದ ಹುಟ್ಟಿನ ಬಗ್ಗೆ ಪಾಠ ಮಾಡಬೇಕಿದೆ. ‘ಮಹಾಸ್ಫೋಟವಾಯಿತು’ ಎಂದು ಶುರು ಮಾಡಿದ ಕೂಡಲೇ ಮಕ್ಕಳು ‘ಎಲ್ಲಿ ಸ್ಫೋಟವಾಯಿತು? ಯಾರು ನೋಡಿದರು?’ ಎನ್ನುತ್ತಾರೆ. ಪಾಠವನ್ನು ಎಲ್ಲಿಂದ ಎತ್ತಿಕೊಳ್ಳಲಿ?
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಉತ್ತರ: ‘ಯಾರು ನೋಡಿದರು’ ಎಂಬ ಪ್ರಶ್ನೆಯಿಂದಲೇ ಎತ್ತಿಕೊಳ್ಳಿ. ಯಾರೂ ನೋಡಿಲ್ಲ, ಆದರೂ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂಬುದೇ ಪಾಠ. ಮೊದಲ ಮೂರು ಪೀರಿಯಡ್‌ಗಳಲ್ಲಿ ‘ಮಹಾಸ್ಫೋಟ’ ಎಂಬ ಪದವನ್ನು ಬಾಯಿಗೇ ತರಬೇಡಿ. ಆ ಹೆಸರು ಕಿವಿಗೆ ಬಿದ್ದರೆ ಬಾಂಬ್ ಸಿಡಿದು ಚೂರುಗಳು ಹಾರುವ ಚಿತ್ರ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಅದನ್ನು ಏಳಿಸುವುದು ಬಹಳ ಕಷ್ಟ.

ದೂರ ಅಳೆಯುವುದರಿಂದ ಶುರು ಮಾಡಿ. 1920ರಲ್ಲೂ ಸುರುಳಿಯಾಕಾರದ ನೀಹಾರಿಕೆಗಳು ನಮ್ಮ ಕ್ಷೀರಪಥದೊಳಗಿನ ಮೋಡಗಳೋ, ಅದರಾಚೆಗಿನ ಬೇರೆ ಗೆಲಾಕ್ಸಿಗಳೋ ಎಂಬುದು ಇತ್ಯರ್ಥವಾಗಿರಲಿಲ್ಲ. ಅದನ್ನು ಬಗೆಹರಿಸುವ ಅಳತೆಗೋಲು ಆ ಹೊತ್ತಿಗಾಗಲೇ ಸಿಕ್ಕಿತ್ತು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫಲಕಗಳ ಮೇಲಿನ ನಕ್ಷತ್ರಗಳನ್ನು ಪರಿಶೀಲಿಸುತ್ತಿದ್ದ ಹೆನ್ರಿಯೆಟಾ ಲೆವಿಟ್, ಕಿರಿಯ ಮೆಗಲಾನಿಕ್ ಮೋಡದಲ್ಲಿ ಏರಿಳಿಯುವ ಬೆಳಕಿನ 25 ಸೆಫೀಡ್ ತಾರೆಗಳನ್ನು ಹಿಡಿದು 1912ರಲ್ಲಿ ಒಂದು ನಂಟನ್ನು ಪ್ರಕಟಿಸಿದರು: ಮಿಡಿತದ ಅವಧಿ ಹೆಚ್ಚಿದಷ್ಟೂ ತಾರೆ ಹೆಚ್ಚು ಪ್ರಕಾಶಮಾನ. ಆ 25 ತಾರೆಗಳೂ ಒಂದೇ ಮೋಡದಲ್ಲಿದ್ದವು ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ. ಎಲ್ಲವೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ, ಮಂಕಾಗಿ ಕಂಡದ್ದು ನಿಜವಾಗಿಯೂ ಮಂಕೇ. ದೂರವಿದ್ದುದಕ್ಕೆ ಹಾಗೆ ಕಂಡದ್ದಲ್ಲ. ಮಿಡಿತ ಎಣಿಸಿದರೆ ನಿಜವಾದ ಪ್ರಕಾಶ ಸಿಗುತ್ತದೆ. ಅದನ್ನು ಕಾಣುವ ಪ್ರಕಾಶದೊಂದಿಗೆ ಹೋಲಿಸಿದರೆ ದೂರ ಸಿಗುತ್ತದೆ.

ಈ ಕೊನೆಯ ಹೆಜ್ಜೆಯನ್ನು ಮಕ್ಕಳೇ ಮಾಡಲಿ. ಕತ್ತಲು ಮಾಡಿದ ಕೋಣೆ, ಒಂದು ಬಲ್ಬ್, ಬೆಳಕು ಅಳೆಯುವ ಆ್ಯಪ್ ಇರುವ ಫೋನ್ ಸಾಕು. 50 ಸೆಂ.ಮೀ., 1 ಮೀ., 1.5 ಮೀ., 2 ಮೀ. ದೂರದಲ್ಲಿ ಅಳೆಯಿರಿ. ಮೊದಲನೆಯ ಅಳತೆಯನ್ನು 1 ಎಂದಿಟ್ಟರೆ ಉಳಿದವು 1/4, 1/9, 1/16ರ ಹತ್ತಿರ ಬರಬೇಕು. ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಟಾರ್ಚ್ ಬಳಸಿದ್ದೀರಿ: ಅದರ ಪ್ರತಿಫಲಕ ಬೆಳಕನ್ನು ಒಂದೇ ಕಡೆಗೆ ಕೂಡಿಸುವುದರಿಂದ ವರ್ಗದ ಲೆಕ್ಕ ಕೂಡುವುದಿಲ್ಲ, ಬರಿ ಬಲ್ಬ್ ಬೇಕು. ಇಲ್ಲವೇ ಕೋಣೆಯ ಹಿನ್ನೆಲೆ ಬೆಳಕನ್ನು ಕಳೆದಿಲ್ಲ: ಪ್ರತಿ ಜಾಗದಲ್ಲೂ ಬಲ್ಬ್ ಆರಿಸಿ ಒಂದು ಅಳತೆ ತೆಗೆದುಕೊಂಡು ಅದನ್ನು ಕಳೆಯಬೇಕು. ಇಲ್ಲವೇ ಬಿಳಿ ಗೋಡೆ ಹತ್ತಿರವಿದೆ: 2 ಮೀಟರ್‌ನ ಅಳತೆ ಹೆಚ್ಚಾಗುವುದು ಹೆಚ್ಚಾಗಿ ಇದರಿಂದಲೇ.

ಇಷ್ಟಾದ ಮೇಲೆ ಅಮೆರಿಕದ ಖಗೋಳಜ್ಞ ಎಡ್ವಿನ್ ಹಬಲ್ ಅವರ ಫಲಕವನ್ನು ತೋರಿಸಿ. 1923ರ ಅಕ್ಟೋಬರ್ 5–6ರ ರಾತ್ರಿ ಮೌಂಟ್ ವಿಲ್ಸನ್‌ನ 100 ಇಂಚಿನ ದೂರದರ್ಶಕದಲ್ಲಿ ತೆಗೆದ, ದೇವಯಾನಿ ಅಥವಾ ಆಂಡ್ರೊಮಿಡಾ ನೀಹಾರಿಕೆಯ ಚಿತ್ರ ಅದು. ಒಂದು ಚುಕ್ಕೆಯನ್ನು ‘ನವತಾರೆ’ ಎಂದು ಗುರುತಿಸಿದ್ದವರು ಆಮೇಲೆ ಅದನ್ನು ಹೊಡೆದು ಹಾಕಿ ‘ಬದಲಾಗುವ ತಾರೆ!’ ಎಂಬರ್ಥದ ಸಂಕ್ಷಿಪ್ತ ಅಕ್ಷರಗಳನ್ನು ಕೈಯಾರೆ ಬರೆದಿದ್ದಾರೆ. ಅದರ ಮಿಡಿತ 31.4 ದಿನ. ಲೆಕ್ಕ ಹಾಕಿದಾಗ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು. ಕ್ಷೀರಪಥದೊಳಗೆ ಅದು ಹಿಡಿಸುವಂತಿರಲಿಲ್ಲ. (ಇಂದಿನ ಅಳತೆ 25 ಲಕ್ಷ. ಈ ವ್ಯತ್ಯಾಸದ ಕಾರಣ ಮುಂದೆ ಬರುತ್ತದೆ.)

ಪ್ರಶ್ನೆ: ಸಿ.ಡಿ. ತುಂಡಿನಿಂದ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಮಾಡಿಸಿದೆ. ಕಾಮನಬಿಲ್ಲು ಕಂಡಿತೇ ಹೊರತು ಗೆರೆಗಳು ಕಾಣಲಿಲ್ಲ. ದೂರವಾಗುವ ಗೆಲಾಕ್ಸಿಯ ಬೆಳಕಿನ ಗೆರೆಗಳು ಕೆಂಪಿನ ಕಡೆಗೆ ಸರಿಯುವ ಕೆಂಪು ಪಲ್ಲಟವನ್ನು ಇದರಲ್ಲಿ ತೋರಿಸಬಹುದೆ?
— ವಿಜ್ಞಾನ ಕ್ಲಬ್ ನಡೆಸುವವರು

ಉತ್ತರ: ಮೊದಲು ಗೆರೆಗಳ ವಿಷಯ. ಬಿಳಿ ಎಲ್‌ಇಡಿ ಬಲ್ಬನ್ನು ನೋಡಿದ್ದರೆ ಗೆರೆ ಕಾಣುವುದೇ ಇಲ್ಲ, ಅದರ ರೋಹಿತ ಅಖಂಡ. ಹಳೆಯ ಸಿಎಫ್‌ಎಲ್ ಅಥವಾ ಟ್ಯೂಬ್‌ಲೈಟ್ ನೋಡಿ. ಪಾದರಸದ 546 ನ್ಯಾನೊಮೀಟರ್ ತರಂಗದೂರದ ಹಸಿರು ಗೆರೆಯೂ 436ರ ನೀಲಿ ಗೆರೆಯೂ ಎದ್ದು ಕಾಣುತ್ತವೆ. ಆಗಲೂ ಮಸುಕಾದರೆ ಸೀಳು ಅಗಲವಾಗಿದೆ ಎಂದರ್ಥ. ರಟ್ಟನ್ನು ಕತ್ತರಿಯಿಂದ ಕೊರೆದರೆ ಅಂಚು ಒರಟಾಗುತ್ತದೆ. ಬ್ಲೇಡಿನ ಎರಡು ತುಂಡುಗಳನ್ನು ಎದುರುಬದುರಾಗಿ ಟೇಪಿನಿಂದ ಅಂಟಿಸಿ, ನಡುವೆ ಎರಡು ಹಾಳೆ ತೂರುವಷ್ಟೇ, ಸುಮಾರು 0.2 ಮಿ.ಮೀ., ಸಂದು ಬಿಡಿ. (ಬ್ಲೇಡಿನ ಕೆಲಸ ಶಿಕ್ಷಕರದ್ದು.) ಸೀಳಿನಿಂದ ಸಿ.ಡಿ.ಗೆ 20 ಸೆಂ.ಮೀ. ಆದರೂ ದೂರವಿರಲಿ. ಸೀಳು ಸಿ.ಡಿ.ಯ ಗೀರುಗಳಿಗೆ ಸಮಾಂತರವಾಗಿರಬೇಕು. ಓರೆಯಾದರೆ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಇದರಿಂದ ಸೂರ್ಯನನ್ನು ನೇರವಾಗಿ ನೋಡುವುದು ಮಾತ್ರ ಬೇಡವೇ ಬೇಡ.

ಗೆಲಾಕ್ಸಿಯ ಕೆಂಪು ಪಲ್ಲಟವನ್ನು ಇದರಲ್ಲಿ ತೋರಿಸಲಾಗದು. ಸೆಕೆಂಡಿಗೆ 1000 ಕಿ.ಮೀ. ವೇಗದಲ್ಲಿ ದೂರವಾಗುವ ಗೆಲಾಕ್ಸಿಯಲ್ಲಿ ಹೈಡ್ರೋಜನ್‌ನ ಕೆಂಪು ಗೆರೆ ಸರಿಯುವುದು ಬರೀ 2.2 ನ್ಯಾನೊಮೀಟರ್. ಅದಕ್ಕೆ ಕಾಗದದ ಪಟ್ಟಿಯೇ ಒಳ್ಳೆಯದು, ಅದರಲ್ಲಿ ರೋಹಿತದರ್ಶಕ ಕಲಿಸದ ಒಂದು ಪಾಠವೂ ಇದೆ.

1 ಮಿ.ಮೀ.ಗೆ 1 ನ್ಯಾನೊಮೀಟರ್ ಎಂದಿಟ್ಟುಕೊಂಡು 390ರಿಂದ 670ರವರೆಗೆ, ಅಂದರೆ 28 ಸೆಂ.ಮೀ. ಉದ್ದದ ಪಟ್ಟಿ ಎಳೆಯಿರಿ. ಅದರಲ್ಲಿ ಐದು ಗೆರೆ: ಕ್ಯಾಲ್ಸಿಯಂನ ಜೋಡಿ 393.4 ಮತ್ತು 396.8, ಹೈಡ್ರೋಜನ್ 486.1, ಸೋಡಿಯಂ 589.3, ಹೈಡ್ರೋಜನ್ 656.3. ಇನ್ನೊಂದು ಪಾರದರ್ಶಕ ಹಾಳೆಯಲ್ಲಿ ಅದೇ ಅಳತೆಗೆ 401.3, 404.7, 495.8, 601.1, 669.4 ಎಂದು ಎಳೆದು, ‘ಇದು ಒಂದು ಗೆಲಾಕ್ಸಿಯ ಬೆಳಕು, ಹೊಂದಿಸಿ’ ಎಂದು ಕೈಗೆ ಕೊಡಿ. ಮಕ್ಕಳು ಹಾಳೆಯನ್ನು ಎಡಕ್ಕೆ ಜಾರಿಸುತ್ತಾರೆ. ಕ್ಯಾಲ್ಸಿಯಂ ಜೋಡಿ ಕೂಡುತ್ತದೆ, ಕೆಂಪು ತುದಿ ಇನ್ನೂ 5 ಮಿ.ಮೀ. ಆಚೆ ಉಳಿಯುತ್ತದೆ. ಕೆಂಪು ತುದಿಯನ್ನು ಕೂಡಿಸಿದರೆ ನೇರಳೆ ತುದಿ ತಪ್ಪುತ್ತದೆ. ಎಷ್ಟು ಜಾರಿಸಿದರೂ ಐದೂ ಗೆರೆ ಒಟ್ಟಿಗೆ ಕೂಡುವುದಿಲ್ಲ. ಏಕೆಂದರೆ ಪಟ್ಟಿ ಜರುಗಿಲ್ಲ, ಹಿಗ್ಗಿದೆ. ಪ್ರತಿ ಗೆರೆಯ ಸರಿತವನ್ನು ಅದರ ಮೂಲ ತರಂಗದೂರದಿಂದ ಭಾಗಿಸಲು ಹೇಳಿ: ಎಲ್ಲಕ್ಕೂ 0.02 ಬರುತ್ತದೆ. ಬೆಳಕಿನ ವೇಗ 3 ಲಕ್ಷ ಕಿ.ಮೀ.ಯಿಂದ ಗುಣಿಸಿದರೆ ಸೆಕೆಂಡಿಗೆ 6000 ಕಿ.ಮೀ.

ಇಲ್ಲಿ ಆಗುವ ತಪ್ಪುಗಳು ಎರಡು. ಒಂದು, ಮೂಲ ತರಂಗದೂರದ ಬದಲು ಸರಿದ ತರಂಗದೂರದಿಂದ ಭಾಗಿಸುವುದು. ಇನ್ನೊಂದು, ಕೆಂಪು ಪಲ್ಲಟವೆಂದರೆ ಗೆಲಾಕ್ಸಿ ಕೆಂಪಗೆ ಕಾಣುತ್ತದೆ ಎಂದುಕೊಳ್ಳುವುದು. 401.3ಕ್ಕೆ ಸರಿದ ಗೆರೆ ಈಗಲೂ ನೇರಳೆಯಲ್ಲೇ ಇದೆ ಎಂದು ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿ.

ಪ್ರಶ್ನೆ: ಗೆಲಾಕ್ಸಿ ದೂರವಿದ್ದಷ್ಟೂ ಹೆಚ್ಚು ವೇಗವಾಗಿ ದೂರ ಸರಿಯುತ್ತದೆ ಎಂಬ ಹಬಲ್ ನಿಯಮವನ್ನು ಬೋರ್ಡಿನ ಮೇಲೆ ಬರೆದು ಮುಗಿಸುವ ಬದಲು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬಹುದೆ?
— ಪದವಿಪೂರ್ವ ಉಪನ್ಯಾಸಕ

ಉತ್ತರ: ಖಂಡಿತ. ಅದೂ 1929ರಲ್ಲಿ ಹಬಲ್ ಬಳಸಿದ ಅಂಕಿಗಳಿಂದಲೇ. ಅವರ ಪಟ್ಟಿಯಲ್ಲಿ 24 ಗೆಲಾಕ್ಸಿಗಳಿದ್ದವು. ಒಂದು ಪೀರಿಯಡ್‌ಗೆ 12 ಸಾಕು. ಮೊದಲ ಅಂಕಿ ಹಬಲ್ ಅಂದಾಜಿಸಿದ ದೂರ, ಮೆಗಾಪಾರ್ಸೆಕ್‌ಗಳಲ್ಲಿ (1 ಮೆಗಾಪಾರ್ಸೆಕ್ ಎಂದರೆ 32.6 ಲಕ್ಷ ಜ್ಯೋತಿರ್ವರ್ಷ), ಎರಡನೆಯದು ವೇಗ, ಸೆಕೆಂಡಿಗೆ ಕಿ.ಮೀ.ಗಳಲ್ಲಿ (ಋಣ ಚಿಹ್ನೆ ಇದ್ದರೆ ನಮ್ಮ ಕಡೆಗೆ ಬರುತ್ತಿದೆ ಎಂದರ್ಥ). ಎನ್‌ಜಿಸಿ ಎಂಬುದು ಆಕಾಶಕಾಯಗಳ ಒಂದು ಸೂಚಿಯ ಹೆಸರು.

ಎನ್‌ಜಿಸಿ 6822: 0.214, −130
ಎನ್‌ಜಿಸಿ 598: 0.263, −70
ಎನ್‌ಜಿಸಿ 224 (ಆಂಡ್ರೊಮಿಡಾ): 0.275, −220
ಎನ್‌ಜಿಸಿ 5457: 0.45, +200
ಎನ್‌ಜಿಸಿ 4736: 0.5, +290
ಎನ್‌ಜಿಸಿ 4214: 0.8, +300
ಎನ್‌ಜಿಸಿ 5236: 0.9, +500
ಎನ್‌ಜಿಸಿ 1068: 1.0, +920
ಎನ್‌ಜಿಸಿ 7331: 1.1, +500
ಎನ್‌ಜಿಸಿ 4258: 1.4, +500
ಎನ್‌ಜಿಸಿ 4472: 2.0, +850
ಎನ್‌ಜಿಸಿ 4649: 2.0, +1090

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 0.2 ಮೆಗಾಪಾರ್ಸೆಕ್, ಲಂಬಕ್ಕೆ 1 ಸೆಂ.ಮೀ.ಗೆ 100 ಕಿ.ಮೀ. ಸೊನ್ನೆಯ ಗೆರೆಯನ್ನು ಕೆಳಗಿನಿಂದ 3 ಸೆಂ.ಮೀ. ಮೇಲೆ ಎಳೆಸಿ; ಇಲ್ಲದಿದ್ದರೆ ಋಣ ವೇಗಗಳಿಗೆ ಜಾಗವಿರುವುದಿಲ್ಲ, ಮಕ್ಕಳು ಆ ಮೂರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ಚುಕ್ಕೆಗಳನ್ನು ಒಂದಕ್ಕೊಂದು ಸೇರಿಸಿ ಅಂಕುಡೊಂಕು ಗೆರೆ ಎಳೆಯುವವರೂ ಇರುತ್ತಾರೆ. ಅವರ ಕೈಗೆ ಕಪ್ಪು ದಾರ ಕೊಡಿ: ಒಂದು ತುದಿ ಸೊನ್ನೆಯಲ್ಲಿ ಒತ್ತಿ ಹಿಡಿದು, ಮೇಲೂ ಕೆಳಗೂ ಚುಕ್ಕೆಗಳು ಸಮವಾಗಿ ಹಂಚಿಹೋಗುವಂತೆ ದಾರವನ್ನು ತಿರುಗಿಸಲಿ. ಗೆರೆಯ ಇಳಿಜಾರು ಪ್ರತಿ ಮೆಗಾಪಾರ್ಸೆಕ್‌ಗೆ 400ರಿಂದ 550ರೊಳಗೆ ಬರುತ್ತದೆ. ಸೂರ್ಯನ ಚಲನೆಯನ್ನು ಕಳೆದು ಹಬಲ್ ಪಡೆದದ್ದು ಸುಮಾರು 500.

ಇಡೀ ಪಟ್ಟಿಯ ಬದಲು ಒಂದೊಂದೇ ಗೆಲಾಕ್ಸಿಯನ್ನು ಹಿಡಿದರೆ ಏನಾಗುತ್ತದೆ ಎಂಬುದನ್ನೂ ಮಾಡಿಸಿ. ಎನ್‌ಜಿಸಿ 1068 ಒಂದೇ ಆದರೆ 920. ಎನ್‌ಜಿಸಿ 4258 ಆದರೆ 357. ಗುಂಪಿನಲ್ಲಿ ಕಾಣುವ ನಿಯಮ ಒಂಟಿ ಚುಕ್ಕೆಯಲ್ಲಿ ಕಾಣದು.

ಹೆಸರುಗಳ ವಿಷಯದಲ್ಲಿ ನ್ಯಾಯವಾಗಿರಿ. ಈ ಪಟ್ಟಿಯ ಬಹುಪಾಲು ವೇಗಗಳನ್ನು ಅಳೆದವರು ಲೊವೆಲ್ ವೀಕ್ಷಣಾಲಯದ ವೆಸ್ಟೊ ಸ್ಲೈಫರ್, 1912ರಿಂದ. ಹಿಗ್ಗುವ ವಿಶ್ವದ ಸಮೀಕರಣಗಳನ್ನು 1922ರಲ್ಲಿ ಬರೆದವರು ಅಲೆಕ್ಸಾಂಡರ್ ಫ್ರೀಡ್‌ಮನ್. ಆ ಸಮೀಕರಣಗಳನ್ನು ಗೆಲಾಕ್ಸಿಗಳ ವೇಗಕ್ಕೆ ಜೋಡಿಸಿದ್ದು 1927ರಲ್ಲಿ ಜಾರ್ಜ್ ಲಮೈತ್ರ್. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಇದನ್ನು ‘ಹಬಲ್–ಲಮೈತ್ರ್ ನಿಯಮ’ ಎಂದು ಕರೆಯಲು ಶಿಫಾರಸು ಮಾಡಿದೆ.

ಪ್ರಶ್ನೆ: ಆಂಡ್ರೊಮಿಡಾ ನಮ್ಮ ಕಡೆಗೇ ಬರುತ್ತಿದೆಯಲ್ಲ? ಹಾಗಾದರೆ ವಿಶ್ವ ಹಿಗ್ಗುತ್ತಿದೆ ಎನ್ನುವುದು ಹೇಗೆ?
— ಹತ್ತನೇ ತರಗತಿ ವಿದ್ಯಾರ್ಥಿನಿ

ಉತ್ತರ: ಒಳ್ಳೆಯ ಪ್ರಶ್ನೆ. ಹತ್ತಿರದ ಗೆಲಾಕ್ಸಿಗಳು ಒಂದನ್ನೊಂದು ಗುರುತ್ವದಿಂದ ಎಳೆಯುತ್ತವೆ. 25 ಲಕ್ಷ ಜ್ಯೋತಿರ್ವರ್ಷದಷ್ಟು ಹತ್ತಿರದಲ್ಲಿ ಹಿಗ್ಗುವಿಕೆಯ ಪಾಲು ಸೆಕೆಂಡಿಗೆ 50–55 ಕಿ.ಮೀ. ಮಾತ್ರ, ಎಳೆತ ಅದನ್ನು ಸುಲಭವಾಗಿ ಮೀರುತ್ತದೆ. ದೂರ ಹೆಚ್ಚಾದಂತೆ ಹಿಗ್ಗುವಿಕೆಯ ಪಾಲು ಬೆಳೆದು, ಗೆಲಾಕ್ಸಿಗಳ ಸ್ವಂತ ಓಡಾಟ ಅದರ ಮುಂದೆ ಸಣ್ಣದಾಗುತ್ತದೆ. ಅದೇ ಕಾರಣಕ್ಕೆ ನಿಮ್ಮ ದೇಹ, ಭೂಮಿ, ಸೌರವ್ಯೂಹ ಯಾವುದೂ ಹಿಗ್ಗುತ್ತಿಲ್ಲ.

ಪ್ರಶ್ನೆ: ಎಲ್ಲವೂ ನಮ್ಮಿಂದ ದೂರ ಓಡುತ್ತಿದ್ದರೆ ನಾವೇ ಕೇಂದ್ರ ಎಂದಾಯಿತಲ್ಲ ಎಂದು ಮಕ್ಕಳು ಹೇಳುತ್ತಾರೆ. ಬಲೂನು ತೋರಿಸಿದರೆ ‘ಕೇಂದ್ರ ಬಲೂನಿನೊಳಗಿದೆ’ ಎನ್ನುತ್ತಾರೆ.
— ಪ್ರಾಥಮಿಕ ಶಾಲೆ ಶಿಕ್ಷಕ

ಉತ್ತರ: ಬಲೂನಿಗಿಂತ ಮೊದಲು ಬಟ್ಟೆ ಹೊಲಿಗೆಯ ಎಲಾಸ್ಟಿಕ್ ಪಟ್ಟಿ ಹಿಡಿಯಿರಿ. ಅದಕ್ಕೆ ‘ಒಳಗು’ ಇಲ್ಲ, ಆದ್ದರಿಂದ ಆ ಗೊಂದಲವೂ ಇಲ್ಲ. 60 ಸೆಂ.ಮೀ. ಅಳೆದು, 10 ಸೆಂ.ಮೀ.ಗೊಂದರಂತೆ 7 ಪೇಪರ್ ಕ್ಲಿಪ್ ಸಿಕ್ಕಿಸಿ. ಎರಡೂ ತುದಿಯಲ್ಲಿ 5 ಸೆಂ.ಮೀ. ಹೆಚ್ಚುವರಿ ಪಟ್ಟಿ ಬಿಟ್ಟಿರಬೇಕು. ಕೈ ಹಿಡಿದ ಜಾಗದ ಹತ್ತಿರ ಎಲಾಸ್ಟಿಕ್ ಸಮನಾಗಿ ಹಿಗ್ಗುವುದಿಲ್ಲ. ಮೊದಲ ಕ್ಲಿಪ್‌ನಿಂದ ಕೊನೆಯ ಕ್ಲಿಪ್‌ಗೆ 90 ಸೆಂ.ಮೀ. ಆಗುವಂತೆ ಎಳೆಯಿರಿ. ಯಾವ ಕ್ಲಿಪ್‌ನಲ್ಲಿ ನಿಂತು ನೋಡಿದರೂ 10ರಲ್ಲಿದ್ದದ್ದು 15ಕ್ಕೆ, 20ರಲ್ಲಿದ್ದದ್ದು 30ಕ್ಕೆ, 30ರಲ್ಲಿದ್ದದ್ದು 45ಕ್ಕೆ ಹೋಗಿರುತ್ತದೆ. ಸರಿದದ್ದು 5, 10, 15. ಅಂದರೆ ದೂರದ್ದು ಹೆಚ್ಚು ವೇಗ. ಒಂದು ಗುಂಪು ಎರಡನೇ ಕ್ಲಿಪ್‌ನಿಂದ, ಇನ್ನೊಂದು ಐದನೆಯದರಿಂದ ಅಳೆಯಲಿ. ಎರಡೂ ಗುಂಪು ‘ನಾವೇ ಕೇಂದ್ರ’ ಎಂದು ಹೇಳುತ್ತವೆ. ಆಗ ಮಕ್ಕಳಿಗೇ ಹೊಳೆಯುತ್ತದೆ. ಪೆನ್ನಿನಿಂದ ಗುರುತು ಹಾಕಬೇಡಿ, ಗುರುತೂ ಉದ್ದವಾಗುತ್ತದೆ. ಗೆಲಾಕ್ಸಿಗಳೂ ಹಿಗ್ಗುತ್ತವೆ ಎಂಬ ತಪ್ಪು ಅಲ್ಲೇ ಮೊಳೆಯುತ್ತದೆ.

ಬಲೂನು ಆಮೇಲೆ. ಪಂಚಿಂಗ್ ಮಷೀನ್‌ನಿಂದ ಉದುರಿದ ಕಾಗದದ ಚೂರುಗಳನ್ನು ಅಂಟಿಸಿ, ಚೂರಿನ ನಡುವೆ ಒಂದೇ ಹನಿ ಅಂಟು. ಪೂರ್ತಿ ಅಂಟಿಸಿದರೆ ಅಡಿಯ ರಬ್ಬರ್ ಹಿಗ್ಗುವಾಗ ಚೂರು ಕಿತ್ತುಬರುತ್ತದೆ. ದೂರವನ್ನು ಮೇಲ್ಮೈಗುಂಟ ದಾರದಿಂದಲೇ ಅಳೆಯಬೇಕು. ಊದುವ ಮೊದಲೇ ಕರಾರು ಹಾಕಿ: ಈ ಆಟದಲ್ಲಿ ವಿಶ್ವವೆಂದರೆ ರಬ್ಬರ್ ಮಾತ್ರ, ಒಳಗಿನ ಗಾಳಿ ಲೆಕ್ಕಕ್ಕಿಲ್ಲ.

ಪ್ರಶ್ನೆ: ಹಬಲ್ ಅಂಕಿಯಿಂದ ವಿಶ್ವದ ವಯಸ್ಸು ಲೆಕ್ಕ ಹಾಕಿದರೆ ಭೂಮಿಗಿಂತ ಚಿಕ್ಕದಾಗಿ ಬರುತ್ತದೆ. ತರಗತಿಯಲ್ಲಿ ಇದನ್ನು ಬಿಟ್ಟುಬಿಡುವುದು ವಾಸಿಯೇ?
— ಬಿ.ಎಡ್. ವಿದ್ಯಾರ್ಥಿ

ಉತ್ತರ: ಬಿಡಲೇಬೇಡಿ, ಇಡೀ ಪಾಠದ ಜೀವ ಇಲ್ಲಿದೆ. ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ: ದೂರವನ್ನು ವೇಗದಿಂದ ಭಾಗಿಸಿದರೆ, ಗೆಲಾಕ್ಸಿಗಳು ಅಷ್ಟು ದೂರವಾಗಲು ಹಿಡಿದ ಕಾಲ ಸಿಗುತ್ತದೆ. 1 ಮೆಗಾಪಾರ್ಸೆಕ್ ಎಂದರೆ 3.09×10¹⁹ ಕಿ.ಮೀ. ಅದನ್ನು 500ರಿಂದ ಭಾಗಿಸಿದರೆ 6.2×10¹⁶ ಸೆಕೆಂಡು, ವರ್ಷಕ್ಕೆ 3.16×10⁷ ಸೆಕೆಂಡಿನಂತೆ ಸುಮಾರು 195 ಕೋಟಿ ವರ್ಷ. ಭೂಮಿಯ ವಯಸ್ಸು 454 ಕೋಟಿ. ವಿಕಿರಣಶೀಲ ಧಾತುಗಳ ಲೆಕ್ಕದಿಂದ ಬಂಡೆಗಳ ವಯಸ್ಸು ಏರುತ್ತ ಹೋದಂತೆ ಖಗೋಳಜ್ಞರಿಗೆ ಇದು ನುಂಗಲಾರದ ತುತ್ತಾಗಿತ್ತು. ಇಲ್ಲಿ ನಿಲ್ಲಿಸಿ, ‘ತಪ್ಪು ಎಲ್ಲಿರಬಹುದು? ವೇಗದಲ್ಲೋ, ದೂರದಲ್ಲೋ?’ ಎಂದು ಐದು ನಿಮಿಷ ಚರ್ಚೆಗೆ ಬಿಡಿ.

ತಪ್ಪಿದ್ದದ್ದು ದೂರದಲ್ಲಿ. ಸೆಫೀಡ್‌ಗಳಲ್ಲಿ ಎರಡು ಬಗೆ ಇವೆ, ಒಂದೇ ಅವಧಿಯಲ್ಲಿ ಮಿಡಿದರೂ ಅವುಗಳ ಪ್ರಕಾಶ ಬೇರೆ ಎಂದು ವಾಲ್ಟರ್ ಬಾಡೆ ತೋರಿಸಿ, 1952ರಲ್ಲಿ ದೂರಗಳನ್ನು ಒಂದೇಟಿಗೆ ಇಮ್ಮಡಿಗೊಳಿಸಿದರು. ಆಮೇಲೆ ಇನ್ನಷ್ಟು ತಿದ್ದುಪಡಿಗಳಾಗಿ ಅಂಕಿ 70ರ ಆಸುಪಾಸಿಗೆ ಇಳಿಯಿತು. 70 ಹಾಕಿ ಲೆಕ್ಕ ಮಾಡಿದರೆ 1400 ಕೋಟಿ ವರ್ಷ. ಇಂದು ಒಪ್ಪಿರುವ ವಯಸ್ಸು 1380 ಕೋಟಿ. ಹಿಗ್ಗುವ ವೇಗ ಮೊದಲು ತಗ್ಗುತ್ತ, ಆಮೇಲೆ ಏರುತ್ತ ಬಂದಿರುವುದರಿಂದ ಎರಡೂ ಹೆಚ್ಚುಕಡಿಮೆ ಸರಿದೂಗಿ ಈ ಸರಳ ಭಾಗಾಕಾರ ಇಷ್ಟು ಹತ್ತಿರ ಬರುತ್ತದೆ. ಅಳತೆಯ ಜಗಳ ಇನ್ನೂ ಮುಗಿದಿಲ್ಲ ಎಂಬುದನ್ನೂ ಹೇಳಿ: ವಿಶ್ವದ ಬಾಲ್ಯದಿಂದ ಉಳಿದು ಎಲ್ಲ ದಿಕ್ಕಿನಿಂದಲೂ ಬರುವ ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ 67, ಸೆಫೀಡ್ ಮತ್ತು ಸೂಪರ್‌ನೋವಾಗಳಿಂದ (ಸಿಡಿಯುವ ತಾರೆಗಳಿಂದ) ಅಳೆದರೆ 73.

ಪ್ರಶ್ನೆ: ವಿಶ್ವ ಹಿಗ್ಗುತ್ತಿದೆ ಎಂದಮಾತ್ರಕ್ಕೆ ಅದಕ್ಕೊಂದು ಆರಂಭವಿತ್ತು ಎಂದು ಸಾಬೀತಾಗುತ್ತದೆಯೇ? ಹಿನ್ನೆಲೆ ವಿಕಿರಣವನ್ನು ಕಣ್ಣಿಗೆ ಕಾಣದೆ ಕಲಿಸುವುದು ಹೇಗೆ?
— ವಿಜ್ಞಾನ ಶಿಕ್ಷಕ

ಉತ್ತರ: ಸಾಬೀತಾಗುವುದಿಲ್ಲ. 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಮುಂದಿಟ್ಟ ಸ್ಥಿರಸ್ಥಿತಿ ಸಿದ್ಧಾಂತದಲ್ಲೂ ವಿಶ್ವ ಹಿಗ್ಗುತ್ತದೆ. ತೆರವಾದ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತ ಹೋಗುವುದರಿಂದ ಆರಂಭವೇ ಬೇಡ. ‘ಬಿಗ್ ಬ್ಯಾಂಗ್’ (ಮಹಾಸ್ಫೋಟ) ಎಂಬ ಹೆಸರನ್ನು 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಹಾಯ್ಲ್ ಅವರೇ, ತಾವು ಒಪ್ಪದ ಸಿದ್ಧಾಂತಕ್ಕೆ ಬಳಸಿದರು. ಈ ಪದವನ್ನು ಮಕ್ಕಳಿಗೆ ಹೇಳಲು ಇದೇ ಸರಿಯಾದ ಜಾಗ. ತೀರ್ಪು ಕೊಟ್ಟದ್ದು ಬೇರೆ ಎರಡು ಸಾಕ್ಷ್ಯಗಳು.

ಒಂದು ಹೀಲಿಯಂ. 16 ಮಣಿಗಳನ್ನು ತೆಗೆದುಕೊಳ್ಳಿ: 14 ಕೆಂಪು (ಪ್ರೋಟಾನ್), 2 ನೀಲಿ (ನ್ಯೂಟ್ರಾನ್). ಆರಂಭದ ಕೆಲವು ನಿಮಿಷಗಳಲ್ಲಿ ಪರಮಾಣು ಬೀಜಗಳು ಕೂಡುವ ಹೊತ್ತಿಗೆ ಇದ್ದ ಅನುಪಾತ ಇದೇ, 7ಕ್ಕೆ 1. ಎರಡು ನೀಲಿ, ಎರಡು ಕೆಂಪು ಸೇರಿಸಿ ಒಂದು ಹೀಲಿಯಂ ಕಟ್ಟಲಿ. ಉಳಿದ 12 ಕೆಂಪು ಮಣಿ ಹೈಡ್ರೋಜನ್. ತೂಕದಲ್ಲಿ 16ಕ್ಕೆ 4, ಅಂದರೆ ಶೇ 25 ಹೀಲಿಯಂ. ಹಳೆಯ ಅನಿಲಮೋಡಗಳಲ್ಲಿ ಅಳೆದಾಗ ಸಿಗುವುದೂ ಇದರ ಹತ್ತಿರದ ಅಂಕಿಯೇ. ನಕ್ಷತ್ರಗಳಿಂದಷ್ಟೇ ಇಷ್ಟು ಹೀಲಿಯಂ ಹುಟ್ಟಲು ಸಾಧ್ಯವಿಲ್ಲ.

ಇನ್ನೊಂದು ಹಿನ್ನೆಲೆ ವಿಕಿರಣ. ಇದನ್ನು ಕಳೆಯುವ ಲೆಕ್ಕವಾಗಿ ಕಲಿಸಿ. ಬೆಲ್ ಪ್ರಯೋಗಾಲಯದ ಪೆಂಜಿಯಾಸ್ ಮತ್ತು ವಿಲ್ಸನ್, ಹೋಮ್‌ಡೆಲ್‌ನ 20 ಅಡಿ ಬಾಯಿಯ ಕಹಳೆಯಾಕಾರದ ಆಂಟೆನಾವನ್ನು ನೆತ್ತಿಯ ಕಡೆ ತಿರುಗಿಸಿ 7.35 ಸೆಂ.ಮೀ. ತರಂಗದೂರದಲ್ಲಿ ಅಳೆದಾಗ ಬಂದ ಒಟ್ಟು ಗದ್ದಲ (ರೇಡಿಯೋ ಗದ್ದಲವನ್ನು ಉಷ್ಣತೆಯ ಮಾನದಲ್ಲೇ ಹೇಳುತ್ತಾರೆ) 6.7 ಕೆಲ್ವಿನ್. ವಾತಾವರಣದ ಪಾಲು 2.3, ಆಂಟೆನಾ ಲೋಹದ ಮತ್ತು ನೆಲದ ಪಾಲು 0.9. ಉಳಿದದ್ದು? ಮಕ್ಕಳು 3.5 ಎನ್ನುತ್ತಾರೆ. ಈ 3.5ಕ್ಕೆ ಯಜಮಾನ ಯಾರು? ಆಂಟೆನಾದೊಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದು, ಕೀಲುಗಳಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿದರೂ ಅದು ಹೋಗಲಿಲ್ಲ. ದಿಕ್ಕು ಬದಲಿಸಿದರೂ, 1964ರ ಜುಲೈಯಿಂದ 1965ರ ಏಪ್ರಿಲ್‌ವರೆಗೆ ಋತು ಬದಲಾದರೂ ಅಷ್ಟೇ ಇತ್ತು. ಸೂರ್ಯನಿಂದ ಬಂದಿದ್ದರೆ, ಕ್ಷೀರಪಥದಿಂದ ಬಂದಿದ್ದರೆ, ಹತ್ತಿರದ ನಗರದಿಂದ ಬಂದಿದ್ದರೆ ಏನು ಬದಲಾಗಬೇಕಿತ್ತು ಎಂದು ಒಂದೊಂದೇ ಕೇಳಿ, ಮಕ್ಕಳೇ ಹೊಡೆದುಹಾಕಲಿ. ಪಾರಿವಾಳದ ಪ್ರಸಂಗವನ್ನು ಕಥೆಯಾಗಿ ಹೇಳಿ ಬಿಡುವವರೇ ಹೆಚ್ಚು. ಈ ಕಳೆಯುವ ಲೆಕ್ಕವಿಲ್ಲದೆ ಅದಕ್ಕೆ ಅರ್ಥವೇ ಇಲ್ಲ.

ಇಂಥ ವಿಕಿರಣ ಸುಮಾರು 5 ಕೆಲ್ವಿನ್‌ನಲ್ಲಿ ಇರಬೇಕು ಎಂದು ಆಲ್ಫರ್ ಮತ್ತು ಹರ್ಮನ್ 1948ರಲ್ಲೇ ಲೆಕ್ಕ ಹಾಕಿದ್ದರು. ಪ್ರಿನ್ಸ್‌ಟನ್‌ನ ಡಿಕಿ ಗುಂಪು ಅದನ್ನು ಹುಡುಕಲು ಉಪಕರಣ ಕಟ್ಟುತ್ತಿದ್ದಾಗಲೇ ಪೆಂಜಿಯಾಸ್ ಮತ್ತು ವಿಲ್ಸನ್ ಅವರಿಗೆ ಅದು ಸಿಕ್ಕಿತು. ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷಗಳಾದಾಗ ಅದು 3000 ಕೆಲ್ವಿನ್‌ಗೆ ತಣಿದು, ಎಲೆಕ್ಟ್ರಾನ್‌ಗಳು ಪರಮಾಣುಗಳಲ್ಲಿ ಸೆರೆಯಾಗಿ, ಬೆಳಕಿಗೆ ದಾರಿ ತೆರೆಯಿತು. ಅಂದಿನಿಂದ ವಿಶ್ವ 1100 ಪಟ್ಟು ಹಿಗ್ಗಿದೆ: 3000 ಭಾಗಿಸು 1100, ಸುಮಾರು 2.7. 1989ರಲ್ಲಿ ಹಾರಿದ ಕೋಬ್ ಉಪಗ್ರಹದ ಅಳತೆಗಳಿಂದ ದೊರೆತದ್ದು 2.725.

ಪ್ರಶ್ನೆ: ಮಹಾಸ್ಫೋಟಕ್ಕೂ ಮೊದಲು ಏನಿತ್ತು?
— ಏಳನೇ ತರಗತಿ ವಿದ್ಯಾರ್ಥಿ

ಉತ್ತರ: ಅದು ವಿಜ್ಞಾನಿಗಳಿಗೂ ಇನ್ನೂ ಗೊತ್ತಾಗಿಲ್ಲ. ಹೀಲಿಯಂನ ಸಾಕ್ಷ್ಯ ನಮ್ಮನ್ನು ಮೊದಲ ಸೆಕೆಂಡಿನ ಹತ್ತಿರದವರೆಗೆ ಗಟ್ಟಿಯಾಗಿ ಕರೆದೊಯ್ಯುತ್ತದೆ. ಅದಕ್ಕೂ ಹಿಂದಕ್ಕೆ ಹೋದಂತೆ ಊಹೆಯ ಪಾಲು ಹೆಚ್ಚುತ್ತದೆ, ಕೊನೆಗೆ ಗುರುತ್ವ ಮತ್ತು ಕ್ವಾಂಟಂ ನಿಯಮಗಳನ್ನು ಒಟ್ಟಿಗೆ ಬಳಸಬೇಕಾದ ಜಾಗದಲ್ಲಿ ನಮ್ಮ ಸಮೀಕರಣಗಳು ನಿಂತುಬಿಡುತ್ತವೆ. ಈ ಪ್ರಶ್ನೆಯನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.